ಟಿಕೆಟ್ ಕಿಟಕಿಯ ಮಿರಿಯಮ್ ಬಾಯಿ

ಮಿರಿಯಮ್ ಬಾಯಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಕೈ ನೆನಪಿರುತ್ತಿತ್ತು. ಕುಮಟಾ ಸ್ಟೇಶನ್ನಿನ ಟಿಕೆಟ್ ಕಿಟಕಿಯ ಹಿಂದೆ ವರ್ಷಗಟ್ಟಲೆ ಕೂತವರು ಅವರು. ಆ ಸಣ್ಣ ಕಂಡಿಯಿಂದ ಒಳಗೆ ಬರುವುದು ಕೈಯೊಂದೇ ತಾನೆ. ಮೀನುಪೇಟೆಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಮುಖ ನೋಡದೆ ಕೈ ನೋಡಿ, "ಓ, ಮಡಗಾಂವ್, ಎರಡು ಫುಲ್ ಒಂದು ಹಾಫ್" ಅನ್ನುವರು. ನಮ್ಮ ಊರಿನ ವಿಚಾರ ಬಳಗದ ಅಧ್ಯಕ್ಷರಾದ ರಮಾಕಾಂತ ಮಾಸ್ತರರ ನಾಲ್ಕು ಬೆರಳಿಗೆ ನಾಲ್ಕು ಬಣ್ಣದ ಹರಳಿನ ಉಂಗುರಗಳಿದ್ದವು. ಅವರ ಬಗ್ಗೆ ಬಾಯಿ ನನಗೆ ಹೇಳಿದ ಅಭಿಪ್ರಾಯ ಹೀಗಿತ್ತು: "ಇಷ್ಟು ಗ್ರಹ ಕೈಯಲ್ಲಿಟ್ಟುಕೊಂಡೂ ಮನುಷ್ಯ ಸ್ಲೀಪರ್ ಕ್ಲಾಸಿನಲ್ಲೇ ಹೋಗ್ತಾನಲ್ಲ ಲತಾ!"

ಧಾರೇಶ್ವರದಲ್ಲಿ ನಮ್ಮ ಮನೆಯ ಮಾಳಿಗೆಯ ಎರಡು ಕೋಣೆಗಳಿಗೆ ಅವರು ಬಾಡಿಗೆಗೆ ಬಂದಾಗ ಐವತ್ತು ದಾಟಿದ್ದರು. ಅಲಿಬಾಗ ಹತ್ತಿರದ ಪೇಣ್ ಊರಿನವರು. ಮನೆಮಾತು ಮರಾಠಿ. ಕನ್ನಡ ಕಲಿತದ್ದು ರೈಲ್ವೆ ವರ್ಗಾವಣೆ ಇಲ್ಲಿಗೆ ಎಸೆದ ಮೇಲೆ. ಮದುವೆಯಾಗಿತ್ತಂತೆ. "ಆ ಗಾಡಿ ಅರ್ಧದಾರಿಯಲ್ಲೇ ರದ್ದಾಯ್ತು" ಎಂದು ಒಂದು ಸಲ ಹೇಳಿದರು, ಮತ್ತೆ ಕೇಳುವ ಹಾಗಿರಲಿಲ್ಲ.

ಅವರು ಯಾವ ಜನ ಎಂಬುದು ಊರಿಗೆ ದೊಡ್ಡ ತಲೆನೋವಾಯಿತು. ಹೆಸರು ಕೇಳಿ ಚರ್ಚಿನವರು ಕ್ರಿಸ್ಮಸ್ಸಿಗೆ ಕೇಕು ಕಳಿಸಿದರು. ಅದೇ ಹೆಸರನ್ನು ಮರಿಯಮ್ ಎಂದು ಕೇಳಿಸಿಕೊಂಡ ಭಟ್ಕಳದ ಸಹೋದ್ಯೋಗಿಯೊಬ್ಬರು ಈದ್ ದಿನ ಬಿರಿಯಾನಿ ತಂದುಕೊಟ್ಟರು. ಸೀರೆ, ಹಸಿರು ಬಳೆ, ಶುಕ್ರವಾರ ಸಂಜೆ ಹಚ್ಚುವ ಎಣ್ಣೆದೀಪ ಇವನ್ನೆಲ್ಲ ನೋಡಿದ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆದರು. ಬಾಯಿ ಯಾರಿಗೂ ಇಲ್ಲ ಅನ್ನಲಿಲ್ಲ. ಕೇಕು ತಿಂದರು, ಕುಂಕುಮದ ಜೊತೆ ಕೊಟ್ಟ ಕಾಯಿ ತಂದರು, ಬಿರಿಯಾನಿಯನ್ನು ಮಾತ್ರ ಮೊಸರು ಹಾಕಿದ್ದಾರೆಂದು ನನ್ನ ಗಂಡನಿಗೆ ದಾಟಿಸಿದರು. ಮಾಂಸಕ್ಕೆ ಹಾಲು ಮೊಸರು ಸೇರಿಸುವುದು ಅವರಲ್ಲಿ ಇಲ್ಲವಂತೆ.

ಗುಟ್ಟು ಒಡೆದದ್ದು ನಮ್ಮ ಅತ್ತೆಯಿಂದ. ಅತ್ತೆ ಯಾರನ್ನೂ ಸುಲಭಕ್ಕೆ ಒಪ್ಪುವವರಲ್ಲ, ಆದರೆ ಅವರು ಮಾಡಿದ ಶೆಟ್ಲಿ ಸುಕ್ಕ, ಅಂದರೆ ಸೀಗಡಿಯದ್ದು, ಯಾರಾದರೂ ಬೇಡ ಅಂದರೆ ಅದನ್ನಂತೂ ಒಪ್ಪುವುದೇ ಇಲ್ಲ. ಬಾಯಿ ಬಟ್ಟಲು ಮುಟ್ಟದೆ, "ಆಯಿ, ಮೈಮೇಲೆ ಹುರುಪೆ ಇಲ್ಲದ ಮೀನು ನಮಗೆ ಆಗೋದಿಲ್ಲ. ಶೆಟ್ಲಿ, ಏಡಿ, ಚಿಪ್ಪಿನ ಕಲ್ವ ಏನೂ ಇಲ್ಲ. ನಾವು ಯಹೂದಿಗಳು" ಅಂದರು.

ಅತ್ತೆ ಬಟ್ಟಲು ಹಿಂದಕ್ಕೆ ತಂದು ಅಡುಗೆಮನೆಯಲ್ಲಿ ನನ್ನನ್ನು ಕೇಳಿದರು, "ಶೆಟ್ಲಿ ಬೇಡ ಹೇಳೂ ದೇವ್ರೂ ಅದ್ಯನೇ? ಪಾಪ, ಆ ದೇವ್ರು ಕುಮಟೆಗೆ ಬಂದೇ ಇಲ್ಲ ಕಾಣ್ತದೆ."

ಮೀನಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಬಾಯಿ ಉಳಿದದ್ದರಲ್ಲಿ ಧಾರಾಳಿ. ಶನಿವಾರ ಅವರಿಗೆ ವಿಶ್ರಾಂತಿಯ ದಿನ. ಅವರ ಹಿರಿಯರು ಎಣ್ಣೆ ತೆಗೆಯುವ ಗಾಣಿಗರಾಗಿದ್ದು ಶನಿವಾರ ಗಾಣ ಮುಟ್ಟುತ್ತಿರಲಿಲ್ಲ, ಆ ಕಡೆ ಅವರನ್ನು 'ಶನಿವಾರ ತೇಲಿ' ಎಂದೇ ಕರೆಯುತ್ತಿದ್ದರಂತೆ. "ಅಜ್ಜ ಶನಿವಾರ ಗಾಣ ತಿರುಗಿಸಲಿಲ್ಲ, ಮೊಮ್ಮಗಳು ತತ್ಕಾಲ್ ಟಿಕೆಟ್ ತಿರುಗಿಸ್ತಾಳೆ" ಎನ್ನುವರು. "ದೇವರ ಹತ್ತಿರ ನಂದು ವೇಟಿಂಗ್ ಲಿಸ್ಟ್. ಆದರೆ ಆಯ್ತು, ಇಲ್ಲದಿದ್ದರೆ ನಿಂತು ಹೋಗೋದು."

ನಮ್ಮ ಮನೆಯಲ್ಲಿ ಒಬ್ಬರು ಯಹೂದಿ ಇದ್ದಾರೆಂಬುದು ರಮಾಕಾಂತ ಮಾಸ್ತರರಿಗೆ ತಿಳಿದದ್ದೇ ತಡ, ಬಳಗದ ಆ ತಿಂಗಳ ಸಭೆಯ ವಿಷಯ 'ಯಹೂದಿ ಜನಾಂಗ: ಧರ್ಮ ಮತ್ತು ಸಂಸ್ಕೃತಿ' ಎಂದಾಯಿತು. ಕಾರ್ಯದರ್ಶಿ ನಾನು. ಬೇರೆ ಯಾರೂ ಒಪ್ಪದ ಕಾರಣ ನಾನು. ಬಾಯಿಯನ್ನು ಕೇಳುವ ಮೊದಲೇ ಅವರ ಹೆಸರು ಆಮಂತ್ರಣದಲ್ಲಿ ಅಚ್ಚಾಗಿತ್ತು, 'ವಿದುಷಿ' ಎಂಬ ವಿಶೇಷಣದೊಂದಿಗೆ.

"ವಿದುಷಿ ಅಂದರೆ ಏನು?" ಎಂದು ಕೇಳಿದರು ಬಾಯಿ.

"ತುಂಬ ಓದಿದವರು."

"ಓದಿದ್ದೇನೆ. ಟೈಮ್ ಟೇಬಲ್. ಲತಾ, ನನಗೆ ಏನೂ ಗೊತ್ತಿಲ್ಲ ಮಾರಾಯ್ತಿ."

"ನಮ್ಮ ಸಭೆಯಲ್ಲಿ ಯಾರಿಗೆ ಏನು ಗೊತ್ತಿರ್ತದೆ ಬಾಯಿ? ಎಲ್ಲರೂ ಮಾತಾಡ್ತಾರೆ."

ಈ ಮಾತು ಅವರಿಗೆ ಧೈರ್ಯ ಕೊಟ್ಟಿತು.

ಸಭೆಗೆ ಹೊನ್ನಾವರ, ಮಂಕಿ, ಭಟ್ಕಳದಿಂದೆಲ್ಲ ಜನ ಬಂದಿದ್ದರು. ಅರ್ಧಕ್ಕರ್ಧ ಜನ ವಾಪಸು ಹೋಗುವ ಟಿಕೆಟನ್ನು ಬಾಯಿಯ ಕೈಯಿಂದಲೇ ತೆಗೆದುಕೊಂಡವರು. ಕಂಡಿಯ ಹಿಂದಿನ ಹೆಂಗಸಿಗೆ ತಲೆ, ಮೈ, ಕಾಲು ಎಲ್ಲ ಇರುವುದನ್ನು ಅಂದೇ ನೋಡುತ್ತಿದ್ದಂತಿತ್ತು. ಅತ್ತೆಯೂ ಮೊದಲ ಸಾಲಿನಲ್ಲಿ ಕೂತಿದ್ದರು.

ಪ್ರಸ್ತಾವನೆಗೆ ಎದ್ದ ಮಾಸ್ತರರು ಹತ್ತು ನಿಮಿಷ ಎಂದು ಸುರುಮಾಡಿ ಮುಕ್ಕಾಲು ಗಂಟೆ ಹಿಡಿದರು. ಮೊಬೈಲಿಗೆ ಬಂದ ಸಂದೇಶಗಳನ್ನೆಲ್ಲ ಒಂದಕ್ಕೊಂದು ಹೊಲಿದು ತಂದಿದ್ದರು. ಯಹೂದಿಗಳು ಹುಟ್ಟುವ ಮೊದಲೇ ಗಣಿತ ಕಲಿಯುತ್ತಾರೆ ಅಂದರು. ಜಗತ್ತಿನ ಬುದ್ಧಿಯೆಲ್ಲ ಅವರದ್ದೇ ಅಂದರು. ಅಲ್ಲಿಂದ ಸ್ವರ ಏರಿಸಿ, "ಸುತ್ತಲೂ ಶತ್ರುಗಳಿದ್ದರೂ ಎದೆಯುಬ್ಬಿಸಿ ನಿಂತ ವೀರ ಜನಾಂಗ! ನಾವು ಅವರಿಂದ ಕಲಿಯಬೇಕು!" ಎನ್ನುತ್ತ ಭಟ್ಕಳದವರು ಕೂತಿದ್ದ ಬೆಂಚಿನ ಕಡೆ ಕತ್ತು ತಿರುಗಿಸಿದರು. ಬಿರಿಯಾನಿ ಕೊಟ್ಟ ಸಹೋದ್ಯೋಗಿ ಅಲ್ಲಿದ್ದರು. ಕೆಲವರು ಚಪ್ಪಾಳೆ ತಟ್ಟಿದರು, ಉಳಿದವರು ನೆಲ ನೋಡಿದರು.

ಬಾಯಿ ಮೈಕು ಹಿಡಿದರು. "ಮಾಸ್ತರೆ, ಎದೆಯುಬ್ಬಿಸಿ ನಿಂತವರು ಬೇರೆ ಯಾರೋ. ನಾನು ಕೂತು ಟಿಕೆಟ್ ಕೊಡುವವಳು. ಭಟ್ಕಳದವರಿಗೂ ಕೊಡ್ತೇನೆ, ನಿಮಗೂ ಕೊಡ್ತೇನೆ. ಚಿಲ್ಲರೆಗೆ ಜಗಳ ಆಡೋದು ನೀವೊಬ್ಬರೇ."

ಮೊದಲು ನಕ್ಕದ್ದು ಭಟ್ಕಳದ ಬೆಂಚು.

ಮಂಕಿಯ ತೆಂಗಿನ ತೋಟದವರೊಬ್ಬರು ಎದ್ದು ನಿಂತರು. "ಬಾಯೋರೆ, ನಿಮ್ಮ ಇಸ್ರೇಲಿನ ಹನಿ ನೀರಾವರಿ ನಮ್ಮ ತೋಟಕ್ಕೆ ಆತದ್ಯಾ?"

"ನಾನು ಆ ದೇಶ ನೋಡಿಲ್ಲ. ಲತಾನ ಮನೆ ಮಾಳಿಗೆಯ ನಲ್ಲಿಯಲ್ಲಿ ಹನಿಹನಿಯೇ ಬರೋದು. ಅದನ್ನು ಧಾರೆ ಮಾಡೋ ಉಪಾಯ ಇದ್ದರೆ ನೀವು ಹೇಳಿ."

ಎಲ್ಲರೂ ನನ್ನ ಕಡೆ ನೋಡಿದರು. ಮಾರನೆಯ ದಿನವೇ ಪ್ಲಂಬರನನ್ನು ಕರೆಸಿದೆವು.

ಮತ್ತೊಬ್ಬರಿಗೆ ಜಾತಿ ಕೇಳದೆ ತಡೆಯಲಾಗಲಿಲ್ಲ. "ಅದೆಲ್ಲ ಸಮ. ನಿಮ್ಮಲ್ಲಿ ಒಳಗೆ ಎಂತಾ ಪೈಕಿ?"

ಬಾಯಿ ಅವರ ಕಡೆ ತಿರುಗಿದರು. "ನಮ್ಮ ಹಿರಿಯರ ಹಡಗು ಕೊಂಕಣದ ದಡದಲ್ಲಿ ಒಡೆಯಿತು ಅಂತ ಹೇಳ್ತಾರೆ. ಬದುಕಿದ್ದು ಏಳು ಗಂಡಸರು, ಏಳು ಹೆಂಗಸರು. ಪುಸ್ತಕ ಎಲ್ಲ ಸಮುದ್ರಕ್ಕೆ ಹೋಯ್ತು. ಭಾಷೆ ಮರೆತರು, ಹಬ್ಬ ಮರೆತರು. ಒಂದು ಪ್ರಾರ್ಥನೆ ಮಾತ್ರ ಬಾಯಲ್ಲಿ ಉಳಿಯಿತು. ಅಷ್ಟಾದರೂ ನಮ್ಮಲ್ಲಿ ಗೋರೆ, ಕಾಳೆ, ಅಂದರೆ ಬಿಳಿಯರು, ಕರಿಯರು ಅಂತ ಎರಡು ಪಂಗಡ ಆಗಿತ್ತು. ಗೋರೆಯವರು ಕಾಳೆಯವರಿಗೆ ಹೆಣ್ಣು ಕೊಡ್ತಿರಲಿಲ್ಲ, ಅವರ ಪಾತ್ರೆ ಮುಟ್ಟುತ್ತಿರಲಿಲ್ಲ. ದೇವರ ಮಾತು ಮರೆತ ಜನ ಇದನ್ನು ಎಷ್ಟು ಬೇಗ ಕಲಿತರು ನೋಡಿ. ಕಲಿಸಿದವರು ಅಷ್ಟು ಒಳ್ಳೆಯ ಮಾಸ್ತರು."

ಕೇಳಿದವರು ಕೂತರು.

"ಉಳಿದ ಆ ಪ್ರಾರ್ಥನೆ ಯಾವುದು?" ಎಂದು ನಾನು ಮಾತು ತಿರುಗಿಸಿದೆ.

"ಅದರ ಮೊದಲ ಶಬ್ದ 'ಶೆಮಾ'. ಅಂದರೆ ಕೇಳು. ಮಾತಾಡು ಅಂತ ಅಲ್ಲ, ಮಾಸ್ತರೆ."

ಅಷ್ಟರಲ್ಲಿ ಮೊದಲ ಸಾಲಿನಿಂದ ಅತ್ತೆ ಕೂತಲ್ಲಿಂದಲೇ ಕೂಗಿದರು. "ಬಾಯೋರೆ, ಶುಕ್ರವಾರ ದೀಪ ಹಚ್ಚಿ ಎಂತದೋ ಗುಣುಗುಣು ಹೇಳ್ತ್ರಲ. ಅದ್ ಎಂತಾ? ಪೂರ್ತಿ ಹೇಳಿ ಕಾಂಬ."

ಬಾಯಿ ಕಣ್ಣು ಮುಚ್ಚಿದರು. ನಾಲ್ಕೈದು ಶಬ್ದ ಸ್ಪಷ್ಟವಾಗಿ ಬಂದವು. ನಿಂತವು. ಮತ್ತೆ ಮೊದಲಿನಿಂದ ಸುರು ಮಾಡಿದರು, ಅದೇ ಜಾಗದಲ್ಲಿ ನಿಂತವು. ಅಷ್ಟು ಹೊತ್ತು ಸಭೆಯನ್ನು ಬೆರಳ ತುದಿಯಲ್ಲಿ ಆಡಿಸಿದ ಹೆಂಗಸಿನ ಮುಖ ಕೆಂಪಾಯಿತು.

"ಮುಂದೆ ಬರೋದಿಲ್ಲ" ಎಂದರು. "ಮನೆಯಲ್ಲಿ ಇಷ್ಟು ಹೇಳಿ ಉಳಿದದ್ದಕ್ಕೆ ಗುಣುಗುಣು ಮಾಡ್ತೇನೆ. ಕೇಳುವವರು ಯಾರಿದ್ದಾರೆ ಅಂತ."

ಯಾರೋ ಹಿಂದೆ ಕಿಸಕ್ಕೆಂದರು. ಮಾಸ್ತರರು ಅವಕಾಶ ಬಿಡಲಿಲ್ಲ. "ಪರವಾಗಿಲ್ಲ, ಪರವಾಗಿಲ್ಲ, ಈಗ ಸನ್ಮಾನ" ಎನ್ನುತ್ತ ಶಾಲು ಬಿಡಿಸಿದರು. ಬಾಯಿ ಕೈ ಅಡ್ಡ ಹಿಡಿದು, ಚೀಲದಿಂದ ಮೊಬೈಲು ತೆಗೆದು ಪೇಣ್‌ನಲ್ಲಿದ್ದ ತಮ್ಮ ಮಾವಶಿಗೆ, ಅಂದರೆ ತಾಯಿಯ ತಂಗಿಗೆ, ಫೋನು ಹಚ್ಚಿ ಅದನ್ನು ಮೈಕಿನ ಬಾಯಿಗಿಟ್ಟರು.

ಸಭಾಂಗಣದ ತುಂಬ ಒಂದು ಮುದಿ ಸ್ವರ ಗುಡುಗಿತು. "ವಿಸರಲೀಸ್?" ಮರೆತೆಯಾ ಎಂದರ್ಥ. ಮರಾಠಿ ಗೊತ್ತಿದ್ದವರು ಪಕ್ಕದವರಿಗೆ ಹೇಳಿದರು. ಬೈಗುಳ ಮುಗಿಯಲು ಸ್ವಲ್ಪ ಸಮಯ ಹಿಡಿಯಿತು. ನಂತರ ಮಾವಶಿ ಒಂದೊಂದೇ ಶಬ್ದ ಹೇಳಿಕೊಟ್ಟಳು. ನಿವೃತ್ತಿಗೆ ಬಂದ ಬಾಯಿ ನಿಂತುಕೊಂಡು ಒಂದೊಂದನ್ನೇ ತಿರುಗಿ ಹೇಳಿದರು. ತಪ್ಪಿದರು, ಬೈಸಿಕೊಂಡರು, ಮತ್ತೆ ಹೇಳಿದರು. ನಡುವೆ ಮಾಸ್ತರರು ಶಾಲು ಹಿಡಿದುಕೊಂಡೇ, "ಸಮಯದ ಅಭಾವದಿಂದ..." ಎಂದರು.

"ಮಧ್ಯೇ ಕೋಣ್ ಬೋಲತೋಯ್?" ಎಂದಿತು ಫೋನು. "ತ್ಯಾಲಾ ಬಸಾಯಲಾ ಸಾಂಗ್."

ನಡುವೆ ಮಾತಾಡುವವನು ಯಾರು, ಕೂರಲು ಹೇಳು ಅವನಿಗೆ. ಇದನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ಮಾಸ್ತರರು ಕೂತರು. ಬಳಗದ ಇತಿಹಾಸದಲ್ಲಿ ಅವರು ಬೇರೆಯವರ ಮಾತಿಗೆ ಕೂತದ್ದು ಅದೊಂದೇ ಸಲ. ಬಾಯಿ ಪ್ರಾರ್ಥನೆಯನ್ನು ಕಡೆತನಕ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಅತ್ತೆ ಕೈ ಮುಗಿದರು. "ಆತು, ಈಗ ಆತು" ಅಂದರು.

ರಿಕ್ಷಾದಲ್ಲಿ ವಾಪಸು ಬರುವಾಗ ಬಾಯಿ ತಮಾಷೆ ಮಾಡಲಿಲ್ಲ. "ಹಿಂದೂ ಅಂದರೂ ಹೂಂ ಅಂದೆ, ಮುಸಲ್ಮಾನ್ ಅಂದರೂ ಹೂಂ ಅಂದೆ. ಎಲ್ಲರ ಜೊತೆ ಹೊಂದಿಕೊಂಡೆ ಅಂತ ನನಗೇ ನನ್ನ ಮೇಲೆ ಬಹಳ ಅಭಿಮಾನ ಇತ್ತು ಲತಾ. ಹೊಂದಿಕೊಳ್ಳಲಿಕ್ಕೆ ನಾನು ಅಂತ ಒಬ್ಬಳು ಬೇಕಲ್ಲ" ಎಂದರು.

ಅಂದಿನಿಂದ ಭಾನುವಾರ ಭಾನುವಾರ ಮಾಳಿಗೆಯಲ್ಲಿ ಫೋನಿನ ಪಾಠ ಸುರುವಾಯಿತು. ಮಾವಶಿಯ ಕಿವಿ ಮಂದ, ಶಿಷ್ಯೆಯ ಸ್ವರ ದೊಡ್ಡದು. ಕೆಳಗೆ ಅಕ್ಕಿ ಆರಿಸುತ್ತ ಕೂತ ಅತ್ತೆಗೆ ಅರ್ಥ ಒಂದೂ ತಿಳಿಯದೆ ಸ್ವರ ಮಾತ್ರ ಕಂಠಪಾಠವಾಗಿ, "ಬಾಯೋರೆ, ಕಳೆದ ವಾರ ಆ ಜಾಗದಾಗೆ ಎಳೆದು ಹೇಳಿದ್ರಿ, ಇವತ್ತ್ ಯಾಕೆ ನುಂಗಿದ್ರಿ?" ಎಂದು ಕೂಗುವರು. ಒಬ್ಬ ಗುರು ಸಾಲದೆಂದು ದೇವರು ಇನ್ನೊಬ್ಬಳನ್ನು ಕೆಳಮನೆಯಲ್ಲಿ ಇಟ್ಟಿದ್ದಾನೆ ಎಂದು ಬಾಯಿ ಗೊಣಗುವರು. ಶನಿವಾರದ ಪಾಳಿಯನ್ನು ಭಟ್ಕಳದ ಸಹೋದ್ಯೋಗಿಯ ಶುಕ್ರವಾರದ ಪಾಳಿಯೊಂದಿಗೆ ಬದಲಾಯಿಸಿಕೊಂಡರು. ಅವರಿಗೆ ನಮಾಜು, ಇವರಿಗೆ ವಿಶ್ರಾಂತಿ. ಮಾಸ್ತರರಿಗೆ ಈ ಸುದ್ದಿ ಎಷ್ಟು ಮಾತ್ರಕ್ಕೂ ರುಚಿಸಲಿಲ್ಲ.

ನಿವೃತ್ತರಾದಾಗ ಬಾಯಿ ಪುಣ್ಯಭೂಮಿ ಇಸ್ರೇಲಿಗೆ ಮರಳುತ್ತಿದ್ದಾರೆಂದು ಮಾಸ್ತರರೇ ಊಹಿಸಿ ಬೀಳ್ಕೊಡುಗೆ ಇಟ್ಟರು. "ಪೇಣ್‌ಗೆ ಹೋಗ್ತಿದ್ದೇನೆ, ಮಾವಶಿಯ ಮನೆಗೆ" ಎಂದು ಬಾಯಿ ತಿದ್ದಿದರು. "ಅಲ್ಲಿ ಗಣಪತಿ ಮೂರ್ತಿ ಮಾಡ್ತಾರೆ. ನಿಮಗೊಂದು ಬೇಕಾದರೆ ಹೇಳಿ." ಪ್ಲಾಟ್‌ಫಾರ್ಮಿನಲ್ಲಿ ನನ್ನ ಕೈ ಹಿಡಿದುಕೊಂಡು ತುಸು ಹೊತ್ತು ಬಿಡಲಿಲ್ಲ. ಗಾಡಿ ಹೊರಟಿತು. ಅದೇ ಕೊನೆಯ ಭೇಟಿ.

ಹೋದ ವರ್ಷ ಮಳೆಗಾಲದಲ್ಲಿ ಮಾವಶಿ ತಾನೇ ಫೋನು ಮಾಡಿದಳು. ಮಿರಿಯಮ್ ಹೋಗಿಬಿಟ್ಟಳು ಎಂದಳು. ಹೃದಯಾಘಾತ. ಅವರಲ್ಲಿ ಹೆಣ ಇಟ್ಟುಕೊಂಡು ಕಾಯುವುದಿಲ್ಲ, ಅಂದೇ ಮಣ್ಣು ಮಾಡಿ ಮುಗಿದಿತ್ತು. ನಾನು ಅಳುತ್ತ ಅತ್ತೆಗೆ ಹೇಳಿದೆ. ಅವರು ಎದ್ದು, ಸೀರೆ ತೆಗೆದುಕೊಂಡು ಬಚ್ಚಲಿಗೆ ಹೋಗಿ ತಲೆ ಮೇಲೆ ತಣ್ಣೀರು ಸುರಿದುಕೊಂಡರು. ಸಾವಿನ ಸುದ್ದಿ ಕೇಳಿ ಹಾಗೆ ಮೀಯುವುದು ನಮ್ಮಲ್ಲಿ ರಕ್ತಸಂಬಂಧಿಗಳಿಗೆ ಮಾತ್ರ.

ಒದ್ದೆ ತಲೆಯಲ್ಲಿ ಹೊರಬಂದ ಅತ್ತೆಯನ್ನು ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕಂಡು, ಬಂದು ದಾರಿಗೆ ಅಡ್ಡ ನಿಂತಳು. "ಯಾರ್ ತೀರ್ಕಂಡ್ರು ಅಮ್ಮ?"

"ಮಾಳ್ಗಿ ಬಾಯೋರು."

"ಅವ್ರು ನಿಮ್ಗೆ ಎಂತಾ ಆಗ್ಬೇಕು?"

"ಚಳಿ ಆತದೆ" ಅಂದರು ಅತ್ತೆ. "ಆಚೆ ಸರಿ."