ಹದಿನೈದು ಜಿಬಿ, ಹತ್ತು ನಿಮಿಷ

ನಮ್ಮ ಬೀದಿಯಿಂದ ಯಾರಾದರೂ ವಿದೇಶಕ್ಕೆ ಹೊರಟರೆ ಪಾಸ್‌ಪೋರ್ಟ್ ಇದ್ದರೆ ಸಾಲದು, ವೀಸಾ ಇದ್ದರೂ ಸಾಲದು, ಟವರಣ್ಣನ ಉಪದೇಶವೂ ಆಗಬೇಕು. ಟವರಣ್ಣ ಅಂದರೆ ಮೂಲೆಯ ಮೊಬೈಲ್ ಅಂಗಡಿಯವನು. ಅಂಗಡಿ ಎಷ್ಟು ವಿಶಾಲವೆಂದರೆ, ಅವನು ಒಳಗೆ ಕೂತರೆ ಗಿರಾಕಿ ಹೊರಗೆ ನಿಲ್ಲಬೇಕು. ಗಿರಾಕಿ ಒಳಗೆ ಬಂದರೆ ಅವನು ಹೊರಗೆ ನಿಲ್ಲಬೇಕು. ರೀಚಾರ್ಜ್, ಚಾರ್ಜರ್, ಕವರ್, ಒಡೆದ ಗಾಜಿಗೆ ಬದಲಿ ಗಾಜು, ವ್ಯಾಪಾರ ಇಷ್ಟೇ. ಉಳಿದದ್ದೆಲ್ಲ ಜ್ಞಾನ. ಅದು ಪುಕ್ಕಟೆ, ಬೇಡವೆಂದರೂ ಸಿಗುತ್ತದೆ.

“ವಿಮಾನ ಇಳಿದ ತಕ್ಷಣ ಡೇಟಾ ಆನ್ ಮಾಡಬೇಡಿ ಸಾರ್. ಮೊದಲು ಒಂದು ಉಸಿರು ತಗೊಳ್ಳಿ. ನಮ್ಮ ಸಿಮ್ ತೆಗೀರಿ. ನಾನು ಕೊಟ್ಟಿರೋ ಸಿಮ್ ಹಾಕಿ. ಆಮೇಲೆ ಉಸಿರು ಬಿಡಿ.”

“ಅಲ್ಲೀವರೆಗೂ ಉಸಿರು ಹಿಡ್ಕೊಂಡೇ ಇರಬೇಕೇನಪ್ಪಾ?” ಎಂದು ಡ್ರಿಲ್ ಮೇಷ್ಟ್ರು ಕೇಳಿದ್ದರು.

“ರೋಮಿಂಗ್ ಬಿಲ್ ನೋಡಿದ್ರೆ ತಾನಾಗೇ ನಿಂತುಹೋಗತ್ತೆ ಸಾರ್.”

ಇಷ್ಟೆಲ್ಲ ಹೇಳುವ ಟವರಣ್ಣ ಸ್ವತಃ ವಿಮಾನ ಹತ್ತಿದವನಲ್ಲ. ಆದರೆ ಈಜು ಬಾರದವರೇ ದಡದಲ್ಲಿ ನಿಂತು ಜೋರಾಗಿ ಸಲಹೆ ಕೊಡುವುದು ಎಲ್ಲೆಡೆ ಇದ್ದದ್ದೇ. ಅವನ ಸಲಹೆಗಳಲ್ಲಿ ಮೂರು ಮಾತ್ರ ಶಾಸನಗಳಿದ್ದಂತೆ. ಅವನ್ನು ಮೀರಿದವರಿಗೆ ಅವನು ಕವರ್ ಕೂಡ ಮಾರುತ್ತಿರಲಿಲ್ಲ. ಒಂದು, ಫೋನಿನಿಂದ ತೆಗೆದ ಊರಿನ ಸಿಮ್ಮನ್ನು ಅಂಗಡಿಯ ವಿಸಿಟಿಂಗ್ ಕಾರ್ಡಿನ ಹಿಂಬದಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಿ ಪರ್ಸಿನಲ್ಲಿಡಬೇಕು. ಹೀಗೆ ಅಂಟಿಸಿಕೊಂಡು ಹೋದ ಒಬ್ಬರೂ ಇವತ್ತಿನವರೆಗೆ ಸಿಮ್ ಕಳೆದುಕೊಂಡಿಲ್ಲ. ಎರಡು, ಎಲ್ಲರ ನಂಬರೂ ಸಿಮ್ಮಿನಲ್ಲೇ ಇರಬೇಕು. “ಕ್ಲೌಡ್‌ನಲ್ಲಿ ಇಡ್ತಾರಂತೆ! ಮೋಡ ಅದು. ಇವತ್ತು ಇಲ್ಲಿರತ್ತೆ, ನಾಳೆ ಇನ್ನೊಬ್ಬರ ಮನೆ ಮೇಲಿರತ್ತೆ.” ಮೂರನೆಯದನ್ನು ಕೆಂಪು ಬಣ್ಣದಲ್ಲಿ ಬರೆಸಿ ಅಂಗಡಿಯ ಮುಂದೆ ತೂಗುಹಾಕಿದ್ದ: ಹೊರದೇಶದ ನಂಬರಿನಿಂದ ಕರೆ ಬಂದರೆ ಎತ್ತಬೇಡಿ, ಅದು ಮೋಸ.

ಹೋದ ವರ್ಷ ಈ ಟವರಣ್ಣನಿಗೇ ವಿದೇಶಕ್ಕೆ ಹೋಗುವ ಯೋಗ ಬಂತು. ಕರೆದದ್ದು ಅವನ ಅಕ್ಕ. ತಾಯಿ ಇಲ್ಲದ ಮನೆಯಲ್ಲಿ ಅವನ ಮೂಗು ಒರೆಸಿ, ತಲೆ ಬಾಚಿ, ಶಾಲೆಗೆ ದಬ್ಬಿ ಬೆಳೆಸಿದವಳು ಅವಳೇ. ಮದುವೆಯಾಗಿ ದೂರದೇಶಕ್ಕೆ ಹೋದವಳು ಅಲ್ಲಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹಾಸಿಗೆಯ ಬಟ್ಟೆ ಒಗೆದಿದ್ದಳು. ಭಾವ ತೀರಿಕೊಂಡ ಮೇಲೂ ಕೆಲಸ ಬಿಟ್ಟಿರಲಿಲ್ಲ. ಈಗ ನಿವೃತ್ತಿ.

“ನನ್ನ ಕೊನೇ ಪಾಳಿ ಮೂರು ಗಂಟೆಗೆ ಮುಗಿಯತ್ತೆ ಕಣೋ,” ಎಂದಿದ್ದಳು ಫೋನಿನಲ್ಲಿ. “ಅವತ್ತು ಒಂದಿನ ಮಾತ್ರ ಮನೆಯವರನ್ನ ಒಳಗೆ ಬಿಡ್ತಾರೆ. ಮೂರು ಹೊಡೆದಮೇಲೆ ನನ್ನನ್ನೂ ಬಿಡಲ್ಲ. ಇಷ್ಟು ವರ್ಷ ನಾನು ಎಲ್ಲಿ ನಿಂತಿದ್ದೆ, ಏನ್ ಮಾಡ್ತಿದ್ದೆ ಅಂತ ನಮ್ಮವರು ಅಂತ ಒಬ್ಬರಾದರೂ ಕಣ್ಣಾರೆ ನೋಡ್ಬೇಕು. ಬರ್ತೀಯಾ?”

“ಬರ್ತೀನಿ ಅಕ್ಕಾ. ಆಸ್ಪತ್ರೆ ಹೆಸರು, ವಿಳಾಸ ಎಲ್ಲ ಬರೆದುಕೋ ಅಂತ ಹೇಳ್ಬೇಡ ಮತ್ತೆ. ಅದೆಲ್ಲ ಹಳೇ ಕಾಲ. ಇಳಿದ ತಕ್ಷಣ ಮೆಸೇಜ್ ಮಾಡ್ತೀನಿ, ನೀನು ಲೊಕೇಶನ್ ಕಳಿಸು. ಬಾಗಿಲಲ್ಲಿ ಇರ್ತೀನಿ.”

ಹೊರಡುವ ಸಿದ್ಧತೆ ಒಂದು ದಂಡಯಾತ್ರೆಯಂತಿತ್ತು. ಎದುರಿನ ಹೊಲಿಗೆಯಮ್ಮನ ಹತ್ತಿರ ನೀಲಿ ಪ್ಯಾಂಟನ್ನು ಸರಿಮಾಡಿಸಿಕೊಂಡ. ‘ಅಂತರರಾಷ್ಟ್ರೀಯ ಸಂಪರ್ಕ ಸಲಹೆಗಾರರು’ ಎಂದು ಹೊಸ ಕಾರ್ಡು ಹೊಡೆಸಿದ. ಫೋನಿನ ಅಂಗಡಿಯವನು ಹಳೆ ಫೋನು ಹಿಡಿದು ವಿದೇಶದಲ್ಲಿ ಇಳಿದರೆ ದೇಶದ ಮಾನ ಏನಾಗಬೇಕು? ಹಳೆಯದನ್ನು ಅಳಿಸಿ ತೊಳೆದು ಒಬ್ಬ ಗಿರಾಕಿಗೆ ದಾಟಿಸಿ, ಹೊಸದೊಂದನ್ನು ಸೀಲು ಒಡೆಯದೆ ಚೀಲದಲ್ಲಿಟ್ಟುಕೊಂಡ. ಪ್ರವಾಸದ ಸಿಮ್ ಒಂದನ್ನು ತಾನೇ ತನಗೆ ಮಾರಿಕೊಂಡ, ಸೂಚನೆಗಳನ್ನೂ ತಾನೇ ತನಗೆ ಹೇಳಿಕೊಂಡ ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಹದಿನೈದು ಜಿಬಿ ಡೇಟಾ, ಊರಿಗೆ ಮಾತಾಡಲು ಹತ್ತು ನಿಮಿಷ. “ಹತ್ತು ನಿಮಿಷ ಸಾಕೇನ್ರೀ?” ಎಂದು ಅವಳು ಕೇಳಿದ್ದಕ್ಕೆ, “ಈಗ ಯಾರು ಮಾತಾಡ್ತಾರೆ? ಎಲ್ಲ ಡೇಟಾ!” ಎಂದು ನಕ್ಕ. ಊರಿನ ಸಿಮ್ಮನ್ನು ಮೊದಲನೆಯ ಶಾಸನದ ಪ್ರಕಾರ ಹೊಸ ಕಾರ್ಡಿನ ಬೆನ್ನಿಗೆ ಅಂಟಿಸಿ, ಕಾರ್ಡುಗಳ ಕಟ್ಟಿನ ಜೊತೆಗೆ ಪರ್ಸಿನಲ್ಲಿಟ್ಟ.

ಆ ಕಾರ್ಡುಗಳ ಕಟ್ಟು ವಿಮಾನದಲ್ಲಿ ಸುಮ್ಮನಿರಲಿಲ್ಲ. ಕಿಟಕಿ ಪಕ್ಕದವರಿಗೊಂದು, ಅವರ ಮಗಳಿಗೊಂದು, ನೀರು ತಂದ ಹುಡುಗಿಗೊಂದು, ಶೌಚಾಲಯದ ಮುಂದೆ ಸಾಲು ನಿಂತು ಓಡಿಹೋಗಲಾರದಿದ್ದ ಐದು ಜನರಿಗೆ ಒಂದೊಂದು. ಬೇರೆಯವರ ಸಿಮ್ ಅಂಟಿಸಿ ಅವರ ಕೈಗೇ ಕಾರ್ಡು ಕೊಟ್ಟು ಇಪ್ಪತ್ತು ವರ್ಷ ಪಳಗಿದ ಕೈ ಅದು. ಬೆರಳಿಗೆ ಟೇಪು ತಾಗಿದರೆ ‘ಇದು ಕೊಡಬೇಕಾದ್ದು’ ಎಂದೇ ಅದಕ್ಕೆ ಗೊತ್ತು. ಕೊಟ್ಟಿತು. ಯಾರಿಗೆ ಎಂಬುದು ಇವತ್ತಿಗೂ ತಿಳಿದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ವಿಮಾನ ಇಳಿಯಿತು. ಸಾಮಾನು ಬರುವ ಪಟ್ಟಿಯ ಪಕ್ಕ ನಿಂತು ಟವರಣ್ಣ ಉಸಿರು ತೆಗೆದುಕೊಂಡ, ಹೊಸ ಫೋನಿನ ಸೀಲು ಒಡೆದ, ಪ್ರವಾಸದ ಸಿಮ್ ಹಾಕಿದ. ಸಿಗ್ನಲ್ಲಿನ ಎಲ್ಲ ಗೆರೆಗಳೂ ತುಂಬಿದವು. ಉಸಿರು ಬಿಟ್ಟ. ಅಕ್ಕನಿಗೆ ಮೆಸೇಜು ಕಳಿಸೋಣವೆಂದು ಹುಡುಕಿದರೆ ಫೋನಿನಲ್ಲಿ ಒಬ್ಬರ ನಂಬರೂ ಇಲ್ಲ. ಇರುವುದಾದರೂ ಹೇಗೆ, ಎಲ್ಲ ಊರಿನ ಸಿಮ್ಮಿನಲ್ಲಿವೆ ಎಂದು ತನಗೆ ತಾನೇ ವಿವರಿಸಿ ಪರ್ಸು ತೆಗೆದ. ಕಾರ್ಡುಗಳಿದ್ದವು, ಹನ್ನೆರಡು. ಹನ್ನೆರಡರ ಬೆನ್ನೂ ನುಣ್ಣಗಿತ್ತು. ಮುಂಬದಿಯಲ್ಲಿ ಅಚ್ಚಾಗಿದ್ದದ್ದು ಆ ಕಳೆದ ಸಿಮ್ಮಿನದೇ ನಂಬರು.

ಆಗ ಅವನಿಗಾದದ್ದನ್ನು ನಾನು ವರ್ಣಿಸುವುದಿಲ್ಲ. ಅವನು ಹೇಳುವಾಗಲೂ ಈ ಜಾಗದಲ್ಲಿ ನೀರು ಕುಡಿಯುತ್ತಾನೆ.

ಕಾಗದಪತ್ರದಲ್ಲಿ ಅಕ್ಕನ ಮನೆಯ ವಿಳಾಸವೇನೋ ಇತ್ತು. ಆದರೆ ಅಕ್ಕ ಮನೆಯಲ್ಲಿಲ್ಲ, ಮನೆಗೆ ಬೀಗ. ಇಂಟರ್ನೆಟ್ಟಿನಲ್ಲಿ ಹುಡುಕಿದ. ಆ ಊರಿನಲ್ಲಿ ಹದಿನಾಲ್ಕು ಆಸ್ಪತ್ರೆ, ಅರವತ್ತೊಂದು ಲಾಂಡ್ರಿ ಇವೆಯೆಂದು ಡೇಟಾ ಅತಿವೇಗದಲ್ಲಿ ತಿಳಿಸಿತು. ಗಡಿಯಾರ ನೋಡಿದ, ಹನ್ನೆರಡೂಕಾಲು. ಹೆಂಡತಿಗೆ ಫೋನ್ ಮಾಡೋಣವೆಂದರೆ ಅವಳ ನಂಬರು ಬಾಯಿಗೆ ಬರುತ್ತಿಲ್ಲ. ಅದು ಪ್ರತಿ ವರ್ಷ ತನ್ನಷ್ಟಕ್ಕೆ ರೀಚಾರ್ಜ್ ಆಗುತ್ತಿತ್ತು. ‘ಮನೆ’ ಎಂದು ಒತ್ತಿದರೆ ಸಾಕಿತ್ತು.

ಆದರೆ ಅವನ ತಲೆ ಖಾಲಿಯೇನೂ ಅಲ್ಲ. ತಿಂಗಳು ತಿಂಗಳು ಕೈಯಾರೆ ಒತ್ತಿ ರೀಚಾರ್ಜ್ ಮಾಡಿದ ಗಿರಾಕಿಗಳ ನಂಬರುಗಳು ಇನ್ನೂರಾದರೂ ಮಗ್ಗಿಯಂತೆ ಕಂಠಪಾಠವಾಗಿದ್ದವು. ತನ್ನವರ ನಂಬರು ಒಂದೂ ಇಲ್ಲದ ಆ ತಲೆಯಲ್ಲಿ ಇಡೀ ಬೀದಿ ಕೂತಿತ್ತು! ಮುಖ ಅರಳಿತು. ಮೊದಲು ಡ್ರಿಲ್ ಮೇಷ್ಟ್ರಿಗೆ ಹಚ್ಚಿದ. ಎರಡು ಸಲ ಹೊಡೆದುಕೊಂಡು ಕಟ್ಟಾಯಿತು. ಹಾಲಿನವರಿಗೆ ಹಚ್ಚಿದ, ಕಟ್. ಔಷಧಿ ಅಂಗಡಿ, ಕಟ್. ಬಡಗಿ ಎತ್ತಲೂ ಇಲ್ಲ, ಕತ್ತರಿಸಲೂ ಇಲ್ಲ, ನಂಬರನ್ನೇ ಬ್ಲಾಕ್ ಮಾಡಿದ. ಹದಿನೇಳು ಜನರಿಗೆ ಫೋನ್ ಮಾಡಿದ ಮೇಲೆ ಕೆಂಪು ಬಣ್ಣದ ಬೋರ್ಡು ಅವನ ಕಣ್ಣ ಮುಂದೆ ಬಂದು ನಿಂತಿತು. ನಮ್ಮ ಬೀದಿ ಯಾರ ಮಾತನ್ನೂ ಕೇಳಿದ್ದಿಲ್ಲ. ಆ ಒಂದು ದಿನ ಮಾತ್ರ ಟವರಣ್ಣನ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ನಾನೂ ಪಾಲಿಸಿದೆ. ಹನ್ನೊಂದನೆಯವನು ನಾನು.

ಅವನ ಮಾತಿಗೆ ಯಾವತ್ತೂ ಸೊಪ್ಪು ಹಾಕದವರು ಬೀದಿಯಲ್ಲಿ ಒಬ್ಬರೇ, ಹೊಲಿಗೆಯಮ್ಮ. ಬಂದ ಕರೆಯನ್ನೆಲ್ಲ ಎತ್ತುವುದು ಅವರ ಅಭ್ಯಾಸ. ಮೋಸದವರು ಸಿಕ್ಕರೆ ಗುಂಡಿ ಹೊಲಿಯುತ್ತ ಅರ್ಧ ಗಂಟೆ ಆಟ ಆಡಿಸಿ ಕಳಿಸುತ್ತಿದ್ದರು. ಅವರ ನಂಬರು ಒತ್ತಿದ. ಒಂದೇ ರಿಂಗಿಗೆ ಎತ್ತಿದರು.

“ಹೇಳಪ್ಪ. ನನ್ನ ಬ್ಯಾಂಕ್ ಖಾತೆ ಮುಚ್ಚಿಹೋಗಿದ್ಯಾ?”

“ಅಮ್ಮಾ, ನಾನು ಟವರಣ್ಣ!”

“ಓಹೋ! ನಿನ್ನೆ ಪೊಲೀಸ್ ಸಾಹೇಬ ಅಂದಿದ್ದೆ, ಇವತ್ತು ಟವರಣ್ಣಾನಾ? ಇಳಿದುಬಿಟ್ಯಲ್ಲೋ!”

“ಅಯ್ಯೋ, ನಿಜವಾಗ್ಲೂ ನಾನೇ. ನಂಗೆ ಇರೋದೇ ಹತ್ತು ನಿಮಿಷ. ದಯವಿಟ್ಟು...”

“ಎಲ್ಲರಿಗೂ ಇರೋದು ಅಷ್ಟೇ ಕಣಪ್ಪ. ಎಲ್ಲಿ, ನನ್ನ ರೀಚಾರ್ಜ್ ಹೇಳು ನೋಡೋಣ.”

“ಇಪ್ಪತ್ತೆಂಟು ದಿನದ್ದು, ಡೇಟಾ ಬೇಡ, ಮಾತು ಮಾತ್ರ.”

“ಅದು ಕಂಪ್ಯೂಟರಿಗೂ ಗೊತ್ತಿರತ್ತೆ. ನೀನು ನಮ್ಮ ಟವರಣ್ಣನೇ ಆದ್ರೆ ಹೇಳು, ನಿನ್ನ ನೀಲಿ ಪ್ಯಾಂಟಿನ ಸೊಂಟ ನಾನು ಎಷ್ಟು ಸಲ ಬಿಚ್ಚಿ ಅಗಲ ಮಾಡಿದೀನಿ?”

ಟವರಣ್ಣ ಸುತ್ತ ನೋಡಿದ. ಪರದೇಶದ ಜನ ತಮ್ಮ ಪಾಡಿಗೆ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದರು. “ಮೂರು,” ಎಂದ ಮೆಲ್ಲಗೆ.

“ಕೇಳಿಸ್ಲಿಲ್ಲ. ಮಿಷನ್ ಸದ್ದು.”

“ಮೂರು ಸಲ!”

“ಯಾಕೆ?”

“ಬಟ್ಟೆ... ಬಟ್ಟೆ ಕುಗ್ಗಿತ್ತಲ್ಲಮ್ಮ.”

“ನೋಡಿದ್ಯಾ, ಸಿಕ್ಕಿಬಿದ್ದೆ! ಫೋನ್ ಇಡ್ತೀನಿ.”

“ಇಲ್ಲ ಇಲ್ಲ ಇಲ್ಲ! ಹೊಟ್ಟೆ! ಹೊಟ್ಟೆ ಬೆಳೆದಿತ್ತು! ಬಟ್ಟೆದೇನೂ ತಪ್ಪಿಲ್ಲ, ನಿಮ್ಮ ಅಳತೆದೂ ತಪ್ಪಿಲ್ಲ, ಎಲ್ಲ ನನ್ನ ಹೊಟ್ಟೆದೇ!”

ಆ ಕಡೆ ಮಿಷನ್ ನಿಂತಿತು. ಮೂರು ವರ್ಷದಿಂದ ಆಕೆ ಕಾಯುತ್ತಿದ್ದ ಮಾತು ಅದು. “ಹಾಂ, ಈಗ ನಮ್ಮ ಟವರಣ್ಣನೇ ಅಂತ ಗೊತ್ತಾಯ್ತು. ಏನಾಯ್ತೋ ಮಾರಾಯ? ಧ್ವನಿ ಯಾಕೆ ಹಂಗಿದೆ?”

ಅವನು ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಸಿದ. ಹೊಲಿಗೆಯಮ್ಮ ಫೋನು ಕೈಯಲ್ಲಿ ಹಿಡಿದು, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ರಸ್ತೆ ದಾಟಿ ಓಡಿದ್ದನ್ನು ನಾನೇ ಕಂಡೆ. ಅಂಗಡಿಯಲ್ಲಿ ಟವರಣ್ಣನ ಹೆಂಡತಿ ಒಂದು ಫೋನಿಗೆ ಗಾಜು ಅಂಟಿಸುತ್ತಿದ್ದಳು. ಗಂಡನ ಕಥೆ ಕೇಳಿ ಅವಳು ಹೌಹಾರಲೂ ಇಲ್ಲ, ಬೈಯಲೂ ಇಲ್ಲ.

“ಅಕ್ಕನ ನಂಬರ್ ಹೇಳೇ ಬೇಗ! ಎರಡೇ ನಿಮಿಷ ಉಳಿದಿದೆ!”

“ಬರ್ಕೊಳ್ಳೋಕೆ ಪೆನ್ ಇದೆಯಾ?”

“ಇಲ್ಲ.”

“ಹಂಗಾದ್ರೆ ಒಂದು ಅಂಕಿ ತಪ್ಪು ಕೇಳಿಸಿ ಇನ್ಯಾರದೋ ಅಕ್ಕನ ಮನೆಗೆ ಹೋಗ್ತೀರ. ಸುಮ್ನಿರಿ. ನಿಮ್ಮ ಈ ನಂಬರನ್ನ ನಾನೇ ಅವರಿಗೆ ಕಳಿಸ್ತೀನಿ. ನೀವು ಏನೂ ಒತ್ತಬೇಡಿ, ಯಾರಿಗೂ ಸಲಹೆ ಕೊಡಬೇಡಿ, ನಿಂತಲ್ಲೇ ನಿಂತಿರಿ. ಊಟ ಮಾಡಿದ್ರಾ?”

ಉತ್ತರಿಸುವಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು. ಟವರಣ್ಣ ನಿಂತ. ಗಂಟೆ ಒಂದು. ಒಂದೂವರೆ. ಫೋನಿನಲ್ಲಿ ಗೆರೆಗಳೆಲ್ಲ ತುಂಬಿದ್ದವು, ಹದಿನೈದು ಜಿಬಿ ಹಾಗೇ ಇತ್ತು, ಆದರೆ ಅದರಲ್ಲಿ ಮಾತಾಡುವವರಿಲ್ಲ. ಇಪ್ಪತ್ತು ವರ್ಷ ತಾನು ಮಾರಿದ್ದು ಏನು ಎಂಬ ಯೋಚನೆ ಬಂತಂತೆ. ಅಷ್ಟರಲ್ಲಿ ಫೋನು ‘ಟಣ್’ ಎಂದಿತು. ನಕ್ಷೆಯ ಮೇಲೊಂದು ಕೆಂಪು ಚುಕ್ಕೆ, ಕೆಳಗೆ ಒಂದು ಸಾಲು: ‘ಬಟ್ಟೆ ಒಣಗಿಸೋ ಕಡೆ ಇದ್ದೆ, ಫೋನ್ ಈಗ ನೋಡಿದೆ. ಓಡಿ ಬಾರೋ ದಡ್ಡ.’

ದಡ್ಡ ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯ ಆ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ಇರಲಾರ. ರೈಲು, ಆಮೇಲೆ ಬಸ್ಸು, ಆಮೇಲೆ ಓಟ. ಕೆಂಪು ಚುಕ್ಕೆಯ ಮೇಲೆ ಅವನು ಹೋಗಿ ನಿಂತಾಗ ಮೂರಕ್ಕೆ ಹದಿನೈದು ನಿಮಿಷ. ಆಸ್ಪತ್ರೆಯ ಹಿಂಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡ ಒಬ್ಬ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ನಿಲುವು ಮಾತ್ರ, ಹೋಮ್‌ವರ್ಕ್ ಮಾಡದ ತಮ್ಮನನ್ನು ಕಾಯುವ ಅದೇ ನಿಲುವು.

“ಬಾಗಿಲಲ್ಲಿ ನಾನಿರ್ತೀನಿ ಅಂದಿದ್ದೆ, ನನ್ನನ್ನೇ ನಿಲ್ಲಿಸಿದ್ಯಲ್ಲೋ,” ಎಂದಳು. ಅಳಲು ಇಬ್ಬರಿಗೂ ಪುರುಸೊತ್ತಿರಲಿಲ್ಲ. ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಒಳಗೆ ಆಳೆತ್ತರದ ಯಂತ್ರಗಳು, ಅವುಗಳ ದುಂಡು ಕಿಟಕಿಯಲ್ಲಿ ತಿರುಗುವ ಬಿಳಿ ಬಟ್ಟೆ, ಬಿಸಿ ಉಗಿ, ಸೋಪಿನ ವಾಸನೆ. “ಇದು ಹೊಸದು, ಒಳ್ಳೆ ಬುದ್ಧಿ. ಇದು ಮುದುಕ, ಒದ್ದರೇ ತಿರುಗೋದು. ಇಲ್ಲಿ ನೋಡು, ಇದು ನನ್ನ ಜಾಗ.” ಮಡಿಸುವ ಉದ್ದ ಮೇಜಿನ ಮುಂದೆ ಸಿಮೆಂಟಿನ ನೆಲ ಎರಡು ಪಾದಗಳಷ್ಟು ನುಣುಪಾಗಿ ತಗ್ಗಿತ್ತು. ಟವರಣ್ಣ ಅದನ್ನೇ ನೋಡುತ್ತ ನಿಂತ. ಫೋಟೋ ತೆಗೆಯಬೇಕೆಂದು ಕೂಡ ಹೊಳೆಯಲಿಲ್ಲ.

“ಸುಮ್ನೆ ನಿಂತ್ರೆ ಹೇಗೆ? ಆ ತುದಿ ಹಿಡ್ಕೋ.”

ಕೊನೆಯ ಹಾಸಿಗೆ ಬಟ್ಟೆಯನ್ನು ಅಕ್ಕ ತಮ್ಮ ಸೇರಿ ಮಡಿಸಿದರು. ಅವನು ಹಿಡಿದ ತುದಿ ಸೊಟ್ಟಗಾಯಿತು. ಬೈದು, ಬಿಚ್ಚಿಸಿ, ಮತ್ತೆ ಮಡಿಸಿದಳು. ಜೊತೆಗೆಲಸದವರು ಅರ್ಥವಾಗದ ಭಾಷೆಯ ಬೈಗುಳಕ್ಕೆ ಅರ್ಥವಾದಂತೆ ನಕ್ಕರು. ಮೂರು ಹೊಡೆಯಿತು. ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು, ಮುದುಕ ಯಂತ್ರ ಮಾತ್ರ ಸ್ವಲ್ಪ ತಡವಾಗಿ ನಿಂತಿತು.

“ಈಗ ನನ್ನ ನಂಬರ್ ಹೇಳು,” ಎಂದಳು ಅಕ್ಕ ಎಲ್ಲರೆದುರೇ.

ಬಸ್ಸಿನಲ್ಲಿ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಟವರಣ್ಣ ಎದೆಯುಬ್ಬಿಸಿ ಶುರುಮಾಡಿದ. ಏಳನೆಯ ಅಂಕಿಯಿಂದ ಅದು ಡ್ರಿಲ್ ಮೇಷ್ಟ್ರ ನಂಬರಾಯಿತು.

ಅಕ್ಕ ಮೇಜಿನ ಖಾನೆಯಿಂದ ಬಟ್ಟೆಗಳ ಅಂಚಿಗೆ ವಾರ್ಡಿನ ಗುರುತು ಹಾಕುವ ಕಪ್ಪು ಶಾಯಿಯ ಪೆನ್ನು ತೆಗೆದಳು. ಅವನ ಕುತ್ತಿಗೆ ಬಗ್ಗಿಸಿ, ಅಂಗಿಯ ಕಾಲರ್ ಹಿಂದಕ್ಕೆ ಮಗುಚಿ, ಕನ್ನಡಕ ಏರಿಸಿಕೊಂಡು ತನ್ನ ನಂಬರನ್ನು ದುಂಡಗೆ ಬರೆದಳು. ಅಂತರರಾಷ್ಟ್ರೀಯ ಸಂಪರ್ಕ ಸಲಹೆಗಾರರು ಬಗ್ಗಿಕೊಂಡೇ ಕೇಳಿದರು:

“ಒಗೆದ್ರೆ ಹೋಗಲ್ವಾ ಅಕ್ಕಾ?”

“ಇಪ್ಪತ್ತಾರು ವರ್ಷ ನಾನೇ ಒಗೆದಿದೀನಿ. ಹೋಗಲ್ಲ.”