ಹೊಸ ಫ್ರಾಕನ್ನು ಹಳೆಯದು ಮಾಡುವ ಬಗೆ

ಹೊಸ ಫ್ರಾಕೊಂದನ್ನು ಹಳೆಯದು ಮಾಡುವುದು ಎಷ್ಟು ಕಷ್ಟದ ಕೆಲಸವೆಂದು ನಿಮಗೆ ಗೊತ್ತಿರಲಾರದು. ಗೊತ್ತು ಮಾಡಿಕೊಳ್ಳಬೇಕಾದ ಪ್ರಸಂಗವೂ ನಿಮಗೆ ಬಂದಿರಲಾರದು. ಮನೆಯಲ್ಲಿ ಮಗುವೊಂದಿದ್ದರೆ ಆ ಕೆಲಸ ತಾನೇ ತಾನಾಗಿ ಆಗಿಹೋಗುತ್ತದೆ. ಸೋಮವಾರ ತೊಡಿಸಿದ ಫ್ರಾಕು ಶನಿವಾರದ ಹೊತ್ತಿಗೆ ಸಾರಿನ ಕಲೆ, ಮಾವಿನ ಸೊನೆ, ಅಂಗಳದ ಕೆಮ್ಮಣ್ಣು ಎಲ್ಲವನ್ನೂ ಮೈಗೂಡಿಸಿಕೊಂಡು ಮನೆಯ ಹಿರಿಯ ಬಟ್ಟೆಗಳ ಸಾಲಿಗೆ ಸೇರಿಬಿಡುತ್ತದೆ. ಮಗುವಿಲ್ಲದ ಮನೆಯಲ್ಲಿ ಮಾತ್ರ ಅದಕ್ಕೊಂದು ವಿಧಾನ ಬೇಕು. ನನ್ನದು ಹೀಗಿತ್ತು: ಸೋಪಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಬಣ್ಣ ಬಿಡುವವರೆಗೆ ಉಜ್ಜಿ, ನೆತ್ತಿಯ ಬಿಸಿಲಿಗೆ ಒಣಹಾಕಿ, ಒಣಗಿದ ಮೇಲೆ ಮತ್ತೆ ನೆನೆಹಾಕುವುದು. ಹೀಗೆ ಹತ್ತು ಹನ್ನೆರಡು ಸಲ ಮಾಡಿದ ಮೇಲೆ ಎದೆಯ ಭಾಗಕ್ಕೆ ಒಂದು ತೊಟ್ಟು ಹುಳಿ ಚೆಲ್ಲಿ, ಕಲೆ ಪೂರ್ತಿ ಹೋಗದಂತೆ ಅರೆಬರೆ ಒಗೆದು ಇಸ್ತ್ರಿ ಮಾಡುತ್ತಿದ್ದೆ.

ಐವತ್ತೆಂಟು ದಾಟಿದ ಹೆಂಗಸು, ಇಪ್ಪತ್ತೈದು ವರ್ಷ ಕನಕಪುರದಲ್ಲಿ ಹೊಲಿಗೆ ತರಗತಿ ನಡೆಸಿದವಳು, ಗುಂಡಿಯ ಒಂದು ಕಾಜಾ ಸೊಟ್ಟಗಾದರೆ ಹುಡುಗಿಯರಿಂದ ಮೂರು ಸಲ ಬಿಚ್ಚಿಸಿ ಹೊಲಿಸಿದವಳು, ಕೊನೆಗೆ ಒಳ್ಳೆಯ ಬಟ್ಟೆಯನ್ನು ಕೆಡಿಸುವ ಕಸುಬಿಗೆ ಏಕಿಳಿದಳೆಂದು ನೀವು ಕೇಳಬೇಕು. ಕೇಳಿದರೆ ನನಗೂ ಸ್ವಲ್ಪ ಹಗುರಾದೀತು.

ನಾಲ್ಕೈದು ವರ್ಷದ ಹಿಂದೆ ರಾಮನಗರದ ಒಂದು ಮದುವೆಯಲ್ಲಿ, ಪಕ್ಕದ ಕುರ್ಚಿಯ ಮೇಲೆ ನಿದ್ದೆಹೋಗಿದ್ದ ಯಾರದೋ ಮಗುವಿನ ಲಂಗದ ಅಂಚನ್ನು ಮೆಲ್ಲಗೆ ತಿರುವಿ ನಾನು ಒಳಗಿನ ಹೊಲಿಗೆ ನೋಡುತ್ತಿದ್ದೆ. ಆಚೆ ಕಡೆಯಿಂದ ಇನ್ನೊಂದು ಕೈ ಬಂದು ಅದೇ ಅಂಚಿನ ಇನ್ನೊಂದು ತುದಿಯನ್ನು ತಿರುವಿತು. ತಲೆಯೆತ್ತಿ ನೋಡಿದರೆ ನನ್ನದೇ ವಯಸ್ಸಿನ ಶಮೀಮ್ ಬಾನು. ರೇಷ್ಮೆ ನೂಲು ತೆಗೆಯುವ ಮನೆತನದವರು, ಅದೇ ಊರಿನವರು. ಇಬ್ಬರೂ ಕಳ್ಳರಂತೆ ಸಿಕ್ಕಿಬಿದ್ದು ನಕ್ಕೆವು. ಹೊಲಿಗೆಯ ಹುಚ್ಚಿರುವವರ ಪರಿಚಯ ಹೀಗೆಯೇ ಆಗುವುದು; ಮುಖ ನೋಡುವ ಮೊದಲು ಅಂಚು ನೋಡಿರುತ್ತೇವೆ.

ಅವರಿಂದ ಹಬ್ಬಿದ ಬಳಗ ನಮ್ಮದು. ಚನ್ನಪಟ್ಟಣದ ಇಬ್ಬರು, ಮಾಗಡಿಯ ಇಬ್ಬರು, ಸಾತನೂರಿನ ಜಯಮ್ಮ, ಶಮೀಮ್, ನಾನು, ಒಟ್ಟು ಏಳು ಜನ. ಎರಡು ತಿಂಗಳಿಗೊಂದು ಭಾನುವಾರ ಶಮೀಮರ ಮಹಡಿಯ ಮೇಲೆ ಸೇರುತ್ತೇವೆ. ಪ್ರತಿಯೊಬ್ಬರೂ ತಮ್ಮ ಮನೆಯ ಮಗುವಿನ ಅಳತೆ ಬರೆದ ಚೀಟಿಯನ್ನು ತಟ್ಟೆಗೆ ಹಾಕಿ, ಬೇರೊಬ್ಬರ ಚೀಟಿ ಎತ್ತಿಕೊಂಡು, ಮುಂದಿನ ಸಲ ಆ ಅಳತೆಗೆ ಹೊಲಿದು ತರಬೇಕು. ಮಗು ಬೆಳೆದು ಬಟ್ಟೆ ಗಿಡ್ಡವಾದರೆ ಅದನ್ನು ವಾಪಸು ತಂದು ಇನ್ನೂ ಚಿಕ್ಕ ಮಗುವಿರುವವರಿಗೆ ದಾಟಿಸಬೇಕು. ಇದಕ್ಕೆ ಅದಲುಬದಲು ಎಂದು ಹೆಸರಿಟ್ಟುಕೊಂಡಿದ್ದೆವು. ಷರತ್ತು ಒಂದೇ: ಮನೆಯಲ್ಲಿ ತೊಡುವ ಮಗು ಇರಲೇಬೇಕು. ತೊಡುವ ಮೈ ಇಲ್ಲದೆ ಹೊಲಿದರೆ ಅದು ಅಂಗಡಿಯ ಗೊಂಬೆಗೆ ತೊಡಿಸಿದ ಹಾಗೆ ಎಂಬುದು ನಮ್ಮೆಲ್ಲರ ಒಮ್ಮತ. ಆ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಾನೇ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಮಗು ಧನು. ನನ್ನ ಮಗು ಎಂದೆನೇ? ಮದುವೆಯಾಗದ ನನಗೆ ಮಗು ಎಲ್ಲಿಂದ ಬರಬೇಕು. ಅಮ್ಮ ತೀರಿಕೊಂಡ ಮೇಲೆ ಮಹಡಿಯ ಮನೆಯನ್ನು ಬಾಡಿಗೆಗೆ ಕೊಟ್ಟೆ. ಹಾರೋಹಳ್ಳಿಯ ಕಾರ್ಖಾನೆಗೆ ಹೋಗುವ ಗಂಡಹೆಂಡಿರು ಬಂದರು, ಅವರ ಜೊತೆ ಕಂಕುಳ ಕೂಸಾಗಿ ಧನು ಬಂದಳು. ಇಬ್ಬರೂ ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದರೆ ಸಂಜೆಯವರೆಗೆ ಅವಳು ನನ್ನ ಹೊಲಿಗೆ ಯಂತ್ರದ ಕೆಳಗೆ, ನನ್ನ ಪಾದಗಳ ನಡುವೆ, ಬಟ್ಟೆಯ ಚೂರುಗಳ ರಾಜ್ಯವಾಳುತ್ತ ಇರುತ್ತಿದ್ದಳು. ಮೂರು ವರ್ಷಕ್ಕೆ ಅವಳ ಎದೆ ಇಪ್ಪತ್ತೊಂದು ಇಂಚು, ಫ್ರಾಕಿನ ಉದ್ದ ಹತ್ತೊಂಬತ್ತು. ‘ನಮ್ಮನೆ ಮಗು’ ಎಂದು ಚೀಟಿ ಬರೆದಾಗ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸುಳ್ಳು ಬಂದದ್ದು ಆಮೇಲೆ. ಒಂದೂವರೆ ವರ್ಷದ ಹಿಂದೆ ಅವರಿಗೆ ತುಮಕೂರಿನ ಕಡೆ ಬೇರೆ ಕೆಲಸ ಸಿಕ್ಕಿತು. ಸಾಮಾನು ತುಂಬಿದ ಟೆಂಪೋದ ಮುಂದಿನ ಸೀಟಿನಲ್ಲಿ ಕೂತ ಧನು, ಜಾತ್ರೆಗೋ ಅಜ್ಜಿಯ ಮನೆಗೋ ಹೋಗುವವಳ ಹಾಗೆ ಖುಷಿಯಾಗಿ ಕೈಬೀಸಿದಳು. ಮೊದಮೊದಲು ವಾರಕ್ಕೊಂದು ಸಲ ಅವಳ ಅಮ್ಮ ಫೋನಿನಲ್ಲಿ ಮುಖ ತೋರಿಸುತ್ತಿದ್ದಳು. ನಂತರ ಹಬ್ಬಕ್ಕೆ. ನಂತರ ನಾನು ಮಾಡಿದರೆ ಮಾತ್ರ; ಆಗಲೂ ಮಗು ಪರದೆಯಾಚೆ ಓಡಿಹೋಗುತ್ತಿತ್ತು. ಅವರ ತಪ್ಪೇನೂ ಇಲ್ಲ. ಬಾಡಿಗೆಯ ಮನೆಯೊಡತಿಯನ್ನು ಯಾರು ಎಷ್ಟು ಕಾಲ ನೆನೆಯಬೇಕು?

ಮುಂದಿನ ಭಾನುವಾರ ತಟ್ಟೆ ಮುಂದೆ ಬಂದಾಗ, ‘ಧನು ಹೊರಟುಹೋದಳು’ ಎಂದು ಹೇಳಬೇಕಾಗಿತ್ತು. ಹೇಳಿದರೆ ಷರತ್ತಿನ ಪ್ರಕಾರ ನಾನೂ ಹೊರಟುಹೋಗಬೇಕು. ಎರಡು ತಿಂಗಳಿಗೊಂದು ದಿನ ಆರು ಜೊತೆ ಕೈ ನನ್ನ ಹೊಲಿಗೆಯನ್ನು ಮುಟ್ಟಿ ನೋಡುತ್ತವೆ, ಶಮೀಮ್ ನನಗೆಂದು ಸಕ್ಕರೆ ಕಡಿಮೆ ಹಾಕಿದ ಚಹಾ ತೆಗೆದಿಡುತ್ತಾರೆ, ಬಸ್ಸು ತಡವಾದರೆ ‘ಎಲ್ಲಿದೀರಿ ಅಕ್ಕಾ’ ಎಂದು ಫೋನು ಬರುತ್ತದೆ. ವರ್ಷಕ್ಕೆ ಆರು ದಿನ ಯಾರೋ ನನ್ನ ದಾರಿ ಕಾಯುತ್ತಾರೆ. ಉಳಿದ ದಿನಗಳ ಲೆಕ್ಕ ನನ್ನನ್ನು ಕೇಳಬೇಡಿ. ಗ್ಯಾಸಿನವನು ಬಂದ ದಿನ ಮಾತಾಡಿದ್ದು ನೆನಪಿರುತ್ತದೆ. ನಾನು ಪೆನ್ನು ತೆಗೆದು ಚೀಟಿಯ ಮೇಲೆ ಎದೆ ಇಪ್ಪತ್ತೆರಡು ಎಂದು ಬರೆದೆ.

ಒಂದು ಸಲ ಬರೆದ ಮೇಲೆ ಮಗುವನ್ನು ಬೆಳೆಸದೆ ಗತಿಯಿಲ್ಲ. ಹಿರಿಯ ಹೊಲಿಗೆಯವಳು ನಾನು, ಮಕ್ಕಳು ಯಾವ ವಯಸ್ಸಿಗೆ ಎಷ್ಟು ಬೆಳೆಯುತ್ತವೆಂದು ಬಾಯಿಪಾಠ. ಆದರೂ ಪ್ರತಿ ಸಲ ಚೀಟಿಯ ಮುಂದೆ ಕೂತು ಯೋಚಿಸುತ್ತಿದ್ದೆ. ಮಳೆಗಾಲದಲ್ಲಿ ಜ್ವರ ಬಂದಿರಬಹುದು, ಕಾಲಿಂಚು ಕಡಿಮೆ ಇರಲಿ. ಬೇಸಿಗೆ ರಜೆಯಲ್ಲಿ ಮಾವಿನಹಣ್ಣು ತಿಂದು ದುಂಡಗಾಗಿರಬಹುದು, ಅರ್ಧ ಇಂಚು ಹೆಚ್ಚಿರಲಿ. ಹೀಗೆ ತುಮಕೂರಿನಲ್ಲಿ ಒಬ್ಬಳು ಧನು, ಕಾಗದದ ಮೇಲೆ ಇನ್ನೊಬ್ಬಳು ಧನು ಬೆಳೆಯುತ್ತ ಬಂದರು. ಇಬ್ಬರ ಎತ್ತರ ಒಂದೇ ಇತ್ತೋ ಇಲ್ಲವೋ ನನಗೆ ತಿಳಿಯುವ ದಾರಿಯೇ ಇರಲಿಲ್ಲ.

ಮಕ್ಕಳ ಬಟ್ಟೆ ಹೊಲಿಯುವವರಲ್ಲಿ ಒಂದು ವಾಡಿಕೆಯಿದೆ: ಅಂಚಿನ ಒಳಗೆ ಎರಡಿಂಚು ಬಟ್ಟೆಯನ್ನು ಮಡಿಸಿ, ಸಡಿಲವಾದ ಹೊಲಿಗೆ ಹಾಕಿ ಬಚ್ಚಿಡುವುದು. ಮಗು ಎತ್ತರವಾದಾಗ ಆ ಹೊಲಿಗೆ ಬಿಚ್ಚಿ ಮಡಿಕೆ ಇಳಿಸಿದರೆ ಫ್ರಾಕು ಇನ್ನೊಂದು ವರ್ಷ ಬರುತ್ತದೆ. ರೆಡಿಮೇಡು ಬಟ್ಟೆಯವರು ಈ ಎರಡಿಂಚನ್ನು ಎಂದೂ ಬಿಡುವುದಿಲ್ಲ. ನನಗೆ ಅವರ ಮೇಲಿರುವ ಕೋಪಕ್ಕೆ ಹಲವು ಕಾರಣಗಳಿದ್ದರೂ ಇದು ಮುಖ್ಯವಾದದ್ದು. ಅವರು ಇವತ್ತಿನ ಮಗುವನ್ನಷ್ಟೇ ನೋಡುತ್ತಾರೆ. ನಾವು ಮುಂದಿನ ವರ್ಷದ ಮಗುವನ್ನೂ ಈಗಲೇ ಬಟ್ಟೆಯೊಳಗೆ ಕೂಡಿಸಿರುತ್ತೇವೆ. ಬಂದ ಫ್ರಾಕುಗಳನ್ನು ಬೀರುವಿನಲ್ಲಿಟ್ಟು, ‘ಗಿಡ್ಡವಾಗುವ’ ಕಾಲ ಬಂತೆಂದು ತೋರಿದಾಗ ಒಂದೊಂದಾಗಿ ತೆಗೆದು, ಮಡಿಕೆ ಬಿಚ್ಚಿ, ಕಲ್ಲಿಗೆ ಹಾಕಿ ಉಜ್ಜುತ್ತಿದ್ದೆ. ಹೊಸದಾಗಿಯೇ ಹಿಂದಿರುಗಿಸಿದರೆ ಮಗು ಎಲ್ಲಿ ಎಂಬ ಪ್ರಶ್ನೆ ಬರುತ್ತಿತ್ತಲ್ಲ.

ಈ ನಾಟಕದಲ್ಲಿ ನನಗೆ ಅತ್ಯಂತ ಕಷ್ಟವಾಗುತ್ತಿದ್ದುದು ಬಸ್ಸಿನ ಪ್ರಯಾಣ. ಸಾತನೂರಿನಿಂದ ಬರುವ ಜಯಮ್ಮ ಕನಕಪುರದಲ್ಲಿ ಇಳಿದು, ನಾವಿಬ್ಬರೂ ರಾಮನಗರದ ಬಸ್ಸು ಹಿಡಿದು ಒಂದೇ ಸೀಟಿನಲ್ಲಿ ಕೂರುತ್ತೇವೆ. ಜಯಮ್ಮನಿಗೆ ಹಿಪ್ಪುನೇರಳೆ ತೋಟ, ನಾಲ್ಕು ಹಸು, ಮಗ, ಸೊಸೆ, ಗೌರಿ ಎಂಬ ಮೊಮ್ಮಗಳು. ಹಾಲು ಕರೆದು ಡೇರಿಗೆ ಹಾಕಿ ಬಂದ ಕೈಯಿಂದ ಅಷ್ಟು ಸಣ್ಣ ನೆರಿಗೆ ಹಿಡಿಯುವುದು ಹೇಗೆಂದು ನನಗೆ ಇಂದಿಗೂ ಬೆರಗು.

“ನಮ್ ಗೌರಿ ಕೈಲಿ ಆಗಕಿಲ್ಲ ಕಣಕ್ಕ,” ಎನ್ನುತ್ತಿದ್ದಳು. “ಕತ್ತಿನ್ ರಿಬ್ಬನ್ನ ಜಗಿದು ಜಗಿದು ಎಳೆ ಎಳೆ ಮಾಡ್ಬುಟ್ಟವಳೆ. ನಿಮ್ ಧನೂನೂ ಹಿಂಗೇಯಾ?”

“ಅವಳು ರಿಬ್ಬನ್ ಮುಟ್ಟಲ್ಲ. ತೋಳು ಕಚ್ಚೋ ಚಾಳಿ,” ಎಂದು ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಹೇಳಿದ ಮೇಲೆ ಮನೆಗೆ ಬಂದು ತೋಳಿನ ಅಂಚನ್ನು ಕತ್ತರಿಯ ತುದಿಯಿಂದ ಕೆರೆದು ಕಚ್ಚಿದ ಹಾಗೆ ಮಾಡಬೇಕಾಗುತ್ತಿತ್ತು. ಜಯಮ್ಮ ಹಿಂದಿರುಗಿಸುವ ಫ್ರಾಕುಗಳ ಆ ಜಗಿದ ರಿಬ್ಬನ್ನನ್ನು ನೋಡಿದಾಗಲೆಲ್ಲ ನನಗೆ ಅಸೂಯೆಯಾಗುತ್ತಿತ್ತು. ಕಲ್ಲಿಗೆ ಎಷ್ಟು ಉಜ್ಜಿದರೂ ನನ್ನ ಫ್ರಾಕುಗಳಿಗೆ ಆ ಕಳೆ ಬರುತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ಹೋದ ಭಾನುವಾರ. ಶಮೀಮರೇ ಹೊಲಿದುಕೊಟ್ಟಿದ್ದ ಕಡುನೀಲಿ ಫ್ರಾಕನ್ನು ಅಂದು ಹಿಂದಿರುಗಿಸಿದ್ದೆ. ಅವರು ಅದನ್ನು ತೊಡೆಯ ಮೇಲೆ ಹರಡಿ, ಅಂಚಿನುದ್ದಕ್ಕೂ ಬೆರಳಾಡಿಸಿ, ಒಮ್ಮೆ ತಿರುವಿ, ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಚನ್ನಪಟ್ಟಣದವರೂ ಮಾಗಡಿಯವರೂ ಹೊರಟ ಮೇಲೆ, ನಮ್ಮ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನನ್ನನ್ನೂ ಜಯಮ್ಮನನ್ನೂ ಕೂರಿಸಿಕೊಂಡು ಚಹಾ ಕೊಟ್ಟರು.

“ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಮಡಿಕೆ ಯಾವಾಗ ಬಿಚ್ಚಿದ್ರಿ?”

“ಗಿಡ್ಡ ಆದಾಗ. ಹೋದ ತಿಂಗಳು.”

“ಹಂಗಾದ್ರೆ ಗೆರೆ ಎಲ್ಲಿ?”

ನಿಮಗೆ ಹೇಳಿಬಿಡುತ್ತೇನೆ: ಮಗು ತೊಟ್ಟು ಓಡಾಡಿದ ಫ್ರಾಕು ಬಿಸಿಲಿಗೆ, ಒಗೆತಕ್ಕೆ ಮಂಕಾಗುತ್ತದೆ, ಆದರೆ ಒಳಗೆ ಮಡಿಸಿಟ್ಟ ಎರಡಿಂಚು ಮಂಕಾಗುವುದಿಲ್ಲ. ಬಿಚ್ಚಿದಾಗ ಮಡಿಕೆಯಿದ್ದ ಜಾಗದಲ್ಲಿ ಹೊಸ ಬಣ್ಣದ ಒಂದು ಪಟ್ಟಿ, ಅದರ ಮೇಲೊಂದು ಸವೆದ ಗೆರೆ ಕಾಣಲೇಬೇಕು. ನಾನು ಮೊದಲು ಮಡಿಕೆ ಬಿಚ್ಚಿ, ಆಮೇಲೆ ಕಲ್ಲಿಗೆ ಹಾಕಿದ್ದೆ. ಇಡೀ ಫ್ರಾಕು ಕತ್ತಿನಿಂದ ಅಂಚಿನವರೆಗೆ ಒಂದೇ ಸಮ ಮಂಕಾಗಿತ್ತು. ಇಪ್ಪತ್ತೈದು ವರ್ಷ ಪಾಠ ಹೇಳಿದವಳು ಮೊದಲ ವರ್ಷದ ಹುಡುಗಿ ಕೂಡ ಮಾಡದ ತಪ್ಪು ಮಾಡಿದ್ದೆ.

ತೊಡಿಸುವ ಮೊದಲೇ ಬಿಚ್ಚಿದ್ದೆ ಎನ್ನಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಚ್ಚಿಟ್ಟು ಬಚ್ಚಿಟ್ಟು ನನಗೆ ಸಾಕಾಗಿತ್ತು.

“ಧನು ನಮ್ಮನೇಲಿ ಇಲ್ಲ ಶಮೀಮ್. ಅವರಪ್ಪ ಅಮ್ಮನ ಜೊತೆ ತುಮಕೂರಿಗೆ ಹೋಗಿ ಒಂದೂವರೆ ವರ್ಷ ಆಯ್ತು. ನಾನೇ ಕಲ್ಲಿಗೆ ಉಜ್ಜಿ ಹಳೇದು ಮಾಡ್ತಿದ್ದೆ. ನನ್ನ ಹೆಸರು ಹೊಡೆದುಹಾಕಿ.”

ಶಮೀಮ್ ಫ್ರಾಕನ್ನು ಮಡಿಸತೊಡಗಿದರು. ಮಾತಾಡಿದ್ದು ಜಯಮ್ಮ. ಅವಳ ಮುಖ ಕೆಂಪಾಗಿತ್ತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

“ನಂದೂ ಹೊಡೆದ್ಬುಡಿ,” ಎಂದಳು. “ಆ ರಿಬ್ಬನ್ ಗೌರಿ ಜಗಿದಿದ್ದಲ್ಲ. ನಮ್ ಕರ ಜಗಿದಿದ್ದು.”

ನಾವಿಬ್ಬರೂ ಅವಳನ್ನೇ ನೋಡಿದೆವು.

“ಗೌರಿ ಮನೇಲೇ ಅವಳೆ ಕಣಕ್ಕ. ಆದ್ರೆ ನಾನು ಹೊಲ್ದಿದ್ದು, ನೀವು ಹೊಲ್ದಿದ್ದು, ಯಾವ್ದೂ ಮೈಗೆ ಹಾಕಕಿಲ್ಲ. ಅಂಗಡೀದೇ ಬೇಕು, ಮಿಂಚೋ ಬೊಂಬೆ ಇರೋದೇ ಬೇಕು. ಬಲವಂತ ಮಾಡುದ್ರೆ ಸೊಸೆ ಮಖ ಊದಿಸ್ಕೊತಾಳೆ. ಅದ್ಕೇ ಕೊಟ್ಟಿಗೇಲಿ ಗೂಟಕ್ಕೆ ನೇತಾಕ್ಬುಡ್ತಿದ್ದೆ. ಕರ ಒಸಿ ಜಗಿದ್ಬುಡೋದು.”

“ಅದಕ್ಕೇನಾ ಹಸೀ ಹುಲ್ಲಿನ ವಾಸನೆ!” ಎಂದರು ಶಮೀಮ್, ಮೂಗಿಗೆ ಕೈಯಿಟ್ಟುಕೊಂಡು.

ಮೂವರೂ ನಕ್ಕೆವು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು, ನೀರು ಬಂದ ಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಕರು ಜಗಿದ ರಿಬ್ಬನ್ನಿಗೆ ಅಸೂಯೆಪಟ್ಟ ನನ್ನ ಪೆದ್ದುತನ ಒಂದು ಕಡೆ ಇರಲಿ. ಒಂದೂವರೆ ವರ್ಷ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಬಂದಿದ್ದೆವಲ್ಲ! ಮಗುವಿಲ್ಲದ ಮನೆಯೇ ಒಂಟಿಮನೆ ಎಂದು ನಾನು ಎಣಿಸಿದ್ದೆ. ತುಂಬಿದ ಮನೆಯಲ್ಲಿ, ತಾನು ಹೊಲಿದ ಬಟ್ಟೆಯನ್ನು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿ ಕರುವಿನ ಮುಂದೆ ನಿಲ್ಲುವ ಹೆಂಗಸಿನ ಒಂಟಿತನವನ್ನು ಯಾವ ಟೇಪು ಅಳೆದೀತು? ಅವಳ ಕೈ ಹಿಡಿದುಕೊಂಡೆ. ಸಗಣಿ ಸಾರಿಸಿ ಒರಟಾದ ಬೆರಳುಗಳು ಬೆಚ್ಚಗಿದ್ದವು.

“ಇಬ್ಬರೂ ಹೆಸರು ಹೊಡೀರಿ ಅಂತೀರಿ,” ಎಂದರು ಶಮೀಮ್ ಲೋಟಗಳನ್ನು ಎತ್ತುತ್ತ. “ಹೊಡೆದ್ರೆ ನನ್ನ ಮೂರು ಮೊಮ್ಮಕ್ಕಳಿಗೆ ಹೊಲಿಯೋರು ಯಾರು? ವಾರಕ್ಕೊಂದು ಹರೀತವೆ. ನನಗೊಬ್ಬಳಿಗೇ ಆಗಲ್ಲ. ಇನ್ಮೇಲೆ ನೀವಿಬ್ಬರೂ ಚೀಟಿ ಹಾಕ್ಬೇಡಿ, ಬಂದು ನನ್ನ ಮಕ್ಕಳ ಅಳತೆ ತಗೊಳ್ಳಿ. ಕಲ್ಲಿಗೆ ಉಜ್ಜೋ ಕೆಲಸ ಅವೇ ಮಾಡ್ತವೆ.”

ಅದು ಕರುಣೆಯೋ ಅವಶ್ಯಕತೆಯೋ ಎಂದು ನಾನು ತೂಗಿನೋಡಿದೆ; ನನ್ನ ಸ್ವಭಾವವೇ ಅದು, ಕೊಟ್ಟದ್ದನ್ನೂ ಬೆಳಕಿಗೆ ಹಿಡಿದು ನೋಡುವುದು. ಮತ್ತೊಮ್ಮೆ ಇನ್ನೊಬ್ಬರ ಮಗು, ಮತ್ತೊಮ್ಮೆ ಯಾವಾಗಲೋ ಹೊರಟುಹೋಗುವ ಮಗು ಎಂಬ ಅಳುಕೂ ಬಂತು. ಬೇಡವೆನ್ನುವಷ್ಟು ಬಿಗುಮಾನ ಮಾತ್ರ ನನ್ನಲ್ಲಿ ಉಳಿದಿರಲಿಲ್ಲ. ಶಮೀಮ್ ಮೆಟ್ಟಿಲ ಬಳಿ ಹೋಗಿ ಕೂಗಿದರು. ಐದು ವರ್ಷದ ಸನಾ ಏದುಸಿರು ಬಿಡುತ್ತ ಮೇಲೆ ಬಂದಳು. ಮೊಣಕಾಲಿಗೆಲ್ಲ ಧೂಳು, ಬಾಯಲ್ಲಿ ಅರ್ಧ ಬಿಸ್ಕತ್ತು.

ನಾನು ಮಂಡಿಯೂರಿ ಅವಳ ಕಂಕುಳ ಕೆಳಗಿಂದ ಟೇಪು ಬಳಸಿದೆ. ಕಚಗುಳಿಗೆ ಅವಳು ಮುದುಡಿ ನಕ್ಕಳು, ಆಮೇಲೆ ದೊಡ್ಡವರ ಹಾಗೆ ಉಸಿರು ಬಿಗಿಹಿಡಿದು ನೆಟ್ಟಗೆ ನಿಂತಳು. ಒಂದೂವರೆ ವರ್ಷದಿಂದ ನಾನು ಊಹಿಸಿ ಬರೆದ ಯಾವ ಅಂಕಿಗೂ ಬಿಸಿಯಿರಲಿಲ್ಲ. ಈ ಅಂಕಿಯ ಹಿಂದೆ ಪುಟ್ಟ ಎದೆಯೊಂದು ಡವಡವ ಹೊಡೆದುಕೊಳ್ಳುತ್ತಿತ್ತು, ನನ್ನ ಬೆರಳಿಗೆ ತಿಳಿಯುತ್ತಿತ್ತು. ಅವಳು ತಡೆಯಲಾರದೆ ಉಸಿರು ಬಿಟ್ಟಳು.

“ಆಯ್ತಾ ಅಜ್ಜೀ?” ಎಂದಳು.

ಇಪ್ಪತ್ತಮೂರೂವರೆ ಇಂಚು. ಆಗಲೇ ಓದಿ ಆಗಿತ್ತು.

“ಇನ್ನೂ ಇಲ್ಲ ಕಣವ್ವಾ,” ಎಂದೆ. “ಒಸಿ ಹಿಂಗೇ ನಿಂತ್ಕೊ.”