ಕೋಳಿಗೆ ಕೊಟ್ಟ ಕೊನೆಯ ನೀರು

ನೆರೆಮನೆಯ ಹುಸೇನಣ್ಣನ ಕೈಯಲ್ಲಿ ಚೂರಿ ಹಾಗೆಯೇ ನಿಂತಿತ್ತು. ದೊಡವಾಡದ ನಮ್ಮ ಹಿತ್ತಲಿನಲ್ಲಿ, ಬೀಗರೂಟಕ್ಕೆಂದು ನಾನೇ ನುಚ್ಚು ಹಾಕಿ ಬೆಳೆಸಿದ ಕೋಳಿಗಳಲ್ಲಿ ಕೊನೆಯದು ನೀರು ಕುಡಿಯುತ್ತಿತ್ತು. ಕೊಯ್ಯುವ ಮುಂಚೆ ನೀರು ಕುಡಿಸುವುದು ಅವರ ಪದ್ಧತಿ. ಒಂದೊಂದು ಗುಟುಕಿಗೂ ಅದು ಕತ್ತೆತ್ತಿ ಆಕಾಶ ನೋಡುತ್ತಿತ್ತು. ಪುಕ್ಕ ಕೀಳುತ್ತಿದ್ದ ಹೆಂಗಸರೂ ಕೆಲಸ ಬಿಟ್ಟು ಮೇಲೆ ನೋಡತೊಡಗಿದರು. ಎಳೆಬಿಸಿಲಲ್ಲಿ ಬಿಳಿ ಪುಕ್ಕಗಳು ತೇಲುತ್ತಿದ್ದವು.

“ಬಿಸಿನೀರ ಆರಾಕಹತ್ತೇತಿ, ಲಗೂನ ಮುಗಸ್ರಿ,” ಎಂದರು ಅತ್ತೆ.

“ಕುಡಿಯೂದು ಮುಗೀಲಿ ತಡೀರಿ ಅಕ್ಕಾರ. ನಡುವ ಹೆಂಗ ಕೊಯ್ಲಿ?” ಎಂದರು ಹುಸೇನಣ್ಣ.

ಆ ಮಾತು ಕೇಳಿ ನಾನು ಬಟ್ಟಲಿಗೆ ಮತ್ತೆ ನೀರು ಸುರಿದೆ. ಹುಸೇನಣ್ಣ ಅದನ್ನು ನೋಡಿ ಚೂರಿ ಕೆಳಗಿಳಿಸಿದರು. ಮೂರನೆಯ ಸಲ ಸುರಿದಾಗ ಕೋಳಿ ಕೊಕ್ಕು ಹಾಕಲಿಲ್ಲ.

ಇಷ್ಟು ವರ್ಷವಾದರೂ, ನೀರು ಕುಡಿಯುತ್ತಿರುವವರನ್ನು ನಡುವೆ ಮಾತಾಡಿಸಲು ನನಗೆ ಬಾಯಿ ಬರುವುದಿಲ್ಲ.